ಹಗೆಯ ಊರಿನ ಸಾಕ್ಷಿ



ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಮನೆತನದವರು ನನಗೆ ಕೊಟ್ಟ ವಿಷಯ ದೊಡ್ಡದು. ಮನುಷ್ಯನ ಪಕ್ಷಪಾತ ಕೇಡಿನದೇ? ಯಾರ ಕಡೆಗೂ ವಾಲದೆ ಇದ್ದದ್ದನ್ನು ಇದ್ದ ಹಾಗೇ ಕಾಣುವುದು ಯಾರಿಗಾದರೂ ಸಾಧ್ಯವೇ? ಇಂಥ ಪ್ರಶ್ನೆಗೆ ಅರ್ಧ ಹೌದು, ಅರ್ಧ ಅಲ್ಲ ಎಂದು ಹೇಳಿ, ಶಾಲು ಹೊದಿಸಿಕೊಂಡು, ಸಂಜೆಯ ಬಸ್ಸು ಹಿಡಿಯಬಹುದು. ಬೇರೆ ಊರಲ್ಲಾಗಿದ್ದರೆ ಹಾಗೆಯೇ ಮಾಡುತ್ತಿದ್ದೆನೇನೋ. ಈ ಬನಶಂಕರಿಯಲ್ಲಿ ಮಾತ್ರ ಆಗದು. ಇಲ್ಲಿಂದ ಬಾದಾಮಿ ಐದು ಕಿಲೋಮೀಟರು, ಅದರಾಚೆ ಮಹಾಕೂಟ, ಪಟ್ಟದಕಲ್ಲು, ಐಹೊಳೆ. ಒಂದೇ ಮನುಷ್ಯನ ಬಗ್ಗೆ ಮೂರು ಕಡೆ ಮೂರು ಮಾತು ಕಲ್ಲಿನಲ್ಲಿ ಕೊರೆದಿಟ್ಟ ನೆಲ ಇದು.

ಆ ಮನುಷ್ಯ ಚಾಲುಕ್ಯ ವಂಶದ ಮಂಗಲೇಶ. ಬಾದಾಮಿಯ ಮೂರನೆಯ ಗುಹೆಯನ್ನು ಶಕವರ್ಷ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ ಕಡೆಸಿದವನು. ಆಗಿನ್ನೂ ಅವನು ಅರಸನಲ್ಲ. ಅಣ್ಣ ಒಂದನೆಯ ಕೀರ್ತಿವರ್ಮ ಆಳುತ್ತಿದ್ದ. ಈ ವಿಷ್ಣುಗೃಹದ ಪುಣ್ಯವೆಲ್ಲ ಅಣ್ಣನಿಗೆ ಸಲ್ಲಲಿ, ಅಣ್ಣನ ಸೇವೆ ಮಾಡಿದ ಫಲವಷ್ಟೇ ತನಗಿರಲಿ ಎಂದು ದೇವತೆಗಳ ಸಾಕ್ಷಿಯಾಗಿ ಆ ಶಾಸನದಲ್ಲಿ ಹೇಳಿಸಿದ್ದಾನೆ. ಲಕ್ಷ್ಮಣನಂಥ ತಮ್ಮ. ಅಣ್ಣ ತೀರಿಕೊಂಡಾಗ ಅವನ ಮಗ ಇನ್ನೂ ಚಿಕ್ಕವನು, ಪಟ್ಟ ತಮ್ಮನಿಗೆ ಬಂತು. 602ರ ಹೊತ್ತಿಗೆ ಮಹಾಕೂಟದಲ್ಲಿ ಒಂದು ಕಂಬ ನಿಂತಿತು. ಈಗ ಅದು ವಿಜಯಪುರದ ಗೋಲಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಮಂಗಲೇಶ ಸಕಲಗುಣಸಂಪನ್ನ, ಕಳಚುರಿ ಬುದ್ಧರಾಜನನ್ನು ಗೆದ್ದವನು, ಗೆದ್ದ ಸಂಪತ್ತನ್ನು ಮಹಾಕೂಟದ ಮಕುಟೇಶ್ವರನಿಗೆ ಒಪ್ಪಿಸಿದವನು. ಮೂರನೆಯ ಮಾತು ಐಹೊಳೆಯ ಮೇಗುತಿ ಬಸದಿಯ ಗೋಡೆಯದು, ಶಕ 556, ಕ್ರಿ.ಶ. 634. ಬರೆದವನು ಜೈನಕವಿ ರವಿಕೀರ್ತಿ. ಅಷ್ಟರಲ್ಲಿ ಚಿಕ್ಕವನಾಗಿದ್ದ ಅಣ್ಣನ ಮಗ ಬೆಳೆದು ಇಮ್ಮಡಿ ಪುಲಿಕೇಶಿಯಾಗಿದ್ದ. ರವಿಕೀರ್ತಿಯ ಪ್ರಕಾರ ಮಂಗಲೇಶ ತನ್ನ ಮಗನಿಗೆ ಪಟ್ಟ ಕಟ್ಟಲು ಹೊಂಚು ಹಾಕಿದ, ಅದರಲ್ಲಿ ರಾಜ್ಯವನ್ನೂ ಜೀವವನ್ನೂ ಒಟ್ಟಿಗೇ ಕಳೆದುಕೊಂಡ.

ಭಕ್ತ ತಮ್ಮ, ಧರ್ಮಿಷ್ಠ ದೊರೆ, ದುರಾಸೆಯ ಚಿಕ್ಕಪ್ಪ. ಮೂವರೂ ಒಬ್ಬನೇ. ಮೊದಲೆರಡು ಅವನೇ ಬರೆಸಿದ್ದು, ಮೂರನೆಯದು ಅವನನ್ನು ಕೊಂದವನ ಆಸ್ಥಾನಕವಿ ಬರೆದದ್ದು. ನಮ್ಮ ಶಾಲೆಯ ಪುಸ್ತಕಗಳಿಗೆ ಯಾವುದು ಬಂತು? ಮೂರನೆಯದು. ಚಾಲುಕ್ಯರೆಂದರೆ ಪುಲಿಕೇಶಿ ಎಂದು ಕಲಿತು ಬೆಳೆದವರು ನಾವು. ಅವನ ಎದುರು ನಿಂತವನು ತಾನಾಗಿಯೇ ಕೆಟ್ಟವನಾದ. ಮಂಗಲೇಶನ ಪರವಾಗಿ ವಕಾಲತ್ತು ವಹಿಸಲು ನಾನು ಬಂದಿಲ್ಲ. ಅವನು ಹೊಂಚು ಹಾಕಿದ್ದೂ ನಿಜವಿರಬಹುದು. ಪಟ್ಟದ ರುಚಿ ಕಂಡ ಚಿಕ್ಕಪ್ಪಂದಿರು ನಮ್ಮ ಇತಿಹಾಸದಲ್ಲಿ ಕಡಿಮೆಯೇನಿಲ್ಲ. ಆದರೆ ಆ ಆರೋಪಕ್ಕೆ ಇರುವ ಸಾಕ್ಷಿ ಗೆದ್ದವನ ಮನೆಯದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು.

ಹಾಗಾದರೆ ರವಿಕೀರ್ತಿಯ ಮಾತನ್ನೆಲ್ಲ ಹೊಗಳುಭಟ್ಟನ ಮಾತೆಂದು ತಳ್ಳಿಬಿಡೋಣವೇ? ಅಲ್ಲೇ ತೊಡಕಿರುವುದು. ಇದೇ ಪ್ರಶಸ್ತಿಯಲ್ಲಿ ಉತ್ತರಾಪಥದ ಹರ್ಷವರ್ಧನನನ್ನು ಪುಲಿಕೇಶಿ ಸೋಲಿಸಿದ ಮಾತು ಬರುತ್ತದೆ. ಯುದ್ಧದಲ್ಲಿ ಆನೆಗಳು ಬಿದ್ದವು, ಹರ್ಷನ ಹರ್ಷ ಹಾರಿಹೋಯಿತು ಎಂದು ಶ್ಲೇಷೆ ಮಾಡಿ ಕವಿ ಕುಣಿದಿದ್ದಾನೆ. ಸಂಬಳ ಕೊಡುವ ಧಣಿಯ ಬಗ್ಗೆ ಬರೆಯುವಾಗ ಯಾವ ಕವಿ ಕುಣಿಯುವುದಿಲ್ಲ? ಇಷ್ಟೇ ಇದ್ದಿದ್ದರೆ ನಂಬುವುದು ಕಷ್ಟವಿತ್ತು.

ಇದನ್ನು ನಂಬುವಂತೆ ಮಾಡಿದವನು ಒಬ್ಬ ಪರದೇಶಿ. ಚೀನಾದ ಬೌದ್ಧ ಯಾತ್ರಿಕ ಹ್ಯೂಯೆನ್‌ತ್ಸಾಂಗ್ 641ರ ಸುಮಾರಿಗೆ ಈ ಸೀಮೆಗೆ ಬಂದ. ಅವನು ನಮ್ಮವನಲ್ಲ, ಹರ್ಷನ ಕಡೆಯವನು. ಹರ್ಷ ಅವನಿಗೆ ಆಶ್ರಯ ಕೊಟ್ಟ ದೊರೆ, ಅವನ ಧರ್ಮದ ಪೋಷಕ. ಬೌದ್ಧ ವಿಹಾರ ಎಷ್ಟಿವೆ, ಅನ್ಯಮತೀಯರು ಎಷ್ಟಿದ್ದಾರೆ ಎಂದು ಹೋದ ಹೋದಲ್ಲಿ ಎಣಿಸುತ್ತಿದ್ದ ಮನುಷ್ಯ. ಒಲವು ಎಲ್ಲಿತ್ತೆಂದು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಅಂಥವನು ಬರೆದಿಟ್ಟದ್ದು ಹೀಗೆ: ಶೀಲಾದಿತ್ಯ, ಅಂದರೆ ಹರ್ಷ, ನಾಲ್ಕೂ ದಿಕ್ಕನ್ನು ಅಧೀನ ಮಾಡಿಕೊಂಡ, ಆದರೆ ಈ ನಾಡಿನ ಜನ ಮಾತ್ರ ಅವನಿಗೆ ಮಣಿಯಲಿಲ್ಲ, ದೇಶದ ಸೈನ್ಯವನ್ನೆಲ್ಲ ಕೂಡಿಸಿಕೊಂಡು ಖುದ್ದು ತಾನೇ ದಂಡೆತ್ತಿ ಬಂದರೂ ಗೆಲ್ಲಲಾಗಲಿಲ್ಲ. ಪುಲಿಕೇಶಿಯ ಹೆಸರನ್ನೂ ಹೇಳಿದ್ದಾನೆ. ಇದನ್ನು ಬರೆಯುವುದರಿಂದ ಅವನಿಗೆ ಆಗಬೇಕಾದದ್ದು ಏನೂ ಇರಲಿಲ್ಲ. ಆಶ್ರಯದಾತನಿಗೆ ಇರಿಸುಮುರಿಸಾಗುವ ಮಾತು ಅದು.

ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಇಲ್ಲಿ ನಾಟಕ ಕಂಪನಿಗಳು ಸಾಲಾಗಿ ಕ್ಯಾಂಪ್ ಹಾಕುತ್ತವೆ. ಪ್ರತಿಯೊಂದರ ಮೈಕೂ ತನ್ನ ನಾಟಕವೇ ಶ್ರೇಷ್ಠ ಎಂದು ಕೂಗುತ್ತದೆ. ಆ ಕೂಗು ಕೇಳಿ ಯಾರೂ ಟಿಕೆಟ್ ತೆಗೆಸುವುದಿಲ್ಲ. ಆದರೆ ಎದುರಿನ ಕಂಪನಿಯ ಗೇಟಿನವನೇ "ಅವರ ನಾಟಕ ಈ ಸಲ ಭಾಳ ಛಲೋ ಆಗೇತಿ ನೋಡ್ರಿ" ಅಂದನೋ, ಆ ಮಾತಿಗೆ ತೂಕ ಬರುತ್ತದೆ. ಅವನು ನಿಷ್ಪಕ್ಷಪಾತಿ ಎಂದು ಅಲ್ಲ. ಅವನು ಯಾವ ಪಕ್ಷ ಎಂಬುದು ನಮಗೆ ಗೊತ್ತು ಎಂದು. ಹ್ಯೂಯೆನ್‌ತ್ಸಾಂಗನ ಪಕ್ಷ ಗೊತ್ತಿರುವುದರಿಂದಲೇ ಅವನ ಸಾಕ್ಷಿ ಗಟ್ಟಿ. ಅವನಿಗೆ ಯಾವ ಒಲವೂ ಇರಲಿಲ್ಲ ಎಂದಿದ್ದರೆ ಅದೇ ಮಾತು ಇಷ್ಟು ಬೆಲೆ ಬಾಳುತ್ತಿರಲಿಲ್ಲ. ನಮ್ಮ ಪ್ರಶ್ನೆಯ ಮೊದಲ ಅರ್ಧಕ್ಕೆ ನನ್ನ ಉತ್ತರ ಇಲ್ಲಿಂದ ಶುರುವಾಗುತ್ತದೆ: ಒಲವು ಎದ್ದು ಕಾಣುವಂತಿದ್ದರೆ ಅದೂ ಸಾಕ್ಷಿಯ ಕೆಲಸಕ್ಕೆ ಬರುತ್ತದೆ.

ಈ ಯುದ್ಧ ಯಾವಾಗ ನಡೆಯಿತೆಂಬ ಪ್ರಶ್ನೆ ಮಾತ್ರ ಬಹಳ ದಿನ ಉಳಿಯಿತು. ಒಬ್ಬೊಬ್ಬ ವಿದ್ವಾಂಸರದು ಒಂದೊಂದು ವರ್ಷ. 2016ರಲ್ಲಿ ಪುಣೆಯ ಭಂಡಾರಕರ್ ಸಂಸ್ಥೆಯ ವಿದ್ವಾಂಸರು 619ರ ತಾಮ್ರಪಟವೊಂದನ್ನು ಬೆಳಕಿಗೆ ತಂದರು. ಹರ್ಷನನ್ನು ಗೆದ್ದ ಮಾತು ಅದರಲ್ಲಿ ಆಗಲೇ ಇದೆ. ಅಂದರೆ 618-19ರ ಆಸುಪಾಸು. ಒಂದು ಯುದ್ಧದ ವರ್ಷವನ್ನು ಕಟ್ಟಿಹಾಕಲು ಸುಮಾರು ಸಾವಿರದ ನಾಲ್ಕುನೂರು ವರ್ಷ ಹಿಡಿಯಿತು. ಕವಿ, ಯಾತ್ರಿಕ, ತಾಮ್ರಪಟ ಬರೆದ ಕರಣಿಕ: ಮೂವರಲ್ಲಿ ಒಬ್ಬನೂ ವಸ್ತುನಿಷ್ಠನಾಗಿರಲಿಲ್ಲ. ಆದರೂ ಈಗ ನಮ್ಮ ಕೈಯಲ್ಲಿರುವ ತಿಳಿವು ಬಹುಮಟ್ಟಿಗೆ ವಸ್ತುನಿಷ್ಠ. ಅದು ಅವರಲ್ಲಿ ಯಾರೊಬ್ಬರ ಗುಣದಿಂದಲೂ ಬಂದದ್ದಲ್ಲ. ಅವರ ನಡುವೆ ಹುಟ್ಟಿದ್ದು.

ರವಿಕೀರ್ತಿಯ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕಾವ್ಯದಲ್ಲಿ ತಾನು ಕಾಳಿದಾಸ, ಭಾರವಿಯರ ಕೀರ್ತಿಗೆ ಸಮನಾದವನು ಎಂದು ಅವನು ಕೊಚ್ಚಿಕೊಂಡಿದ್ದಾನೆ. ಇದಕ್ಕಿಂತ ದೊಡ್ಡ ಸ್ವಪಕ್ಷಪಾತ ಬೇಕೇ? ಆದರೆ ಕಾಳಿದಾಸ 634ಕ್ಕಿಂತ ಹಿಂದಿನವನು, ಆ ಹೊತ್ತಿಗೆ ಐಹೊಳೆಯವರೆಗೂ ಹೆಸರಾದವನು ಎಂದು ಸಂಸ್ಕೃತ ಸಾಹಿತ್ಯದ ಚರಿತ್ರಕಾರರು ಧೈರ್ಯವಾಗಿ ಹೇಳಲು ಆಧಾರವಾದದ್ದು ಈ ಜಂಬವೇ. ವಿನಯವಂತನಾಗಿದ್ದಿದ್ದರೆ ನಮಗೆ ನಷ್ಟವಾಗುತ್ತಿತ್ತು. ಅಂದಹಾಗೆ ಅವನು ಅನೇಕಾಂತವನ್ನು ಒಪ್ಪಿದ ಮತದವನು. ಒಂದು ವಸ್ತುವಿಗೆ ಹಲವು ಮುಖ, ಯಾವ ಮಾತೂ ಒಂದು ನೆಲೆಯಿಂದ ಆಡಿದ ಮಾತು ಎಂದು ಕಲಿಸುವ ದರ್ಶನ ಅದು. ಪ್ರಶಸ್ತಿ ಬರೆಯಲು ಕೂತಾಗ ಆ ದರ್ಶನ ಬಸದಿಯ ಒಳಗೇ ಉಳಿಯಿತು ಅನ್ನಿಸುತ್ತದೆ.

ಈಗ ಬಾದಾಮಿಯ ಅಗಸ್ತ್ಯತೀರ್ಥದ ಬಡಗಣ ದಂಡೆಗೆ ಬನ್ನಿ. ಅಲ್ಲಿಯ ಬಂಡೆಯೊಂದರ ಮೇಲೆ ಸವೆದು ಹರಿದುಹೋದ ಸಾಲುಗಳಿವೆ. ಬರೆಸಿದವನು ಕಂಚಿಯ ಪಲ್ಲವ ನರಸಿಂಹವರ್ಮ, ತನ್ನ ಆಳ್ವಿಕೆಯ ಹದಿಮೂರನೆಯ ವರ್ಷದಲ್ಲಿ. 642ರಲ್ಲಿ ಪುಲಿಕೇಶಿಯನ್ನು ಸೋಲಿಸಿ ವಾತಾಪಿಯನ್ನು, ಎಂದರೆ ಬಾದಾಮಿಯನ್ನು, ಹಿಡಿದ ಮೇಲೆ ಕೊರೆಸಿದ್ದು. ಎಂಟೇ ವರ್ಷದ ಹಿಂದೆ ಪಲ್ಲವರ ದೊರೆ ನಮ್ಮ ಸೈನ್ಯದ ಧೂಳಿಗೆ ಅಂಜಿ ಕಂಚಿಯ ಕೋಟೆಗೋಡೆಯ ಹಿಂದೆ ಅಡಗಿದ ಎಂದು ರವಿಕೀರ್ತಿ ಬರೆದಿದ್ದ. ಅಡಗಿದವನ ಮಗ ಬಂದು ನಮ್ಮ ಊರಿನ ಬಂಡೆಯ ಮೇಲೆಯೇ ಉತ್ತರ ಬರೆದು ಹೋದ.

ಚಾಲುಕ್ಯರು ಹದಿಮೂರು ವರ್ಷದ ನಂತರ ಮರಳಿ ಬಂದರು. ಒಂದನೆಯ ವಿಕ್ರಮಾದಿತ್ಯ ರಾಜಧಾನಿಯನ್ನು ಬಿಡಿಸಿಕೊಂಡ. ಮುಂದೆ ಸುಮಾರು ನೂರು ವರ್ಷ ಅವನ ವಂಶ ಇಲ್ಲಿಂದಲೇ ಆಳಿತು. ಆ ನೂರು ವರ್ಷದಲ್ಲಿ ಯಾವತ್ತಾದರೂ ಒಬ್ಬ ಕಲ್ಲುಕುಟಿಗನನ್ನು ಕರೆದು ಆ ಪಲ್ಲವ ಶಾಸನವನ್ನು ಪೂರಾ ಕೆತ್ತಿಹಾಕಿಸಬಹುದಿತ್ತು. ಒಂದು ಚಾಣ, ಒಂದು ಸುತ್ತಿಗೆ, ಅರ್ಧ ದಿನ ಸಾಕಿತ್ತು. ನಮ್ಮ ಮನೆ ಬಾಗಿಲಿಗೆ ಯಾರಾದರೂ ಬೈಗುಳ ಬರೆದು ಹೋದರೆ ನಾವು ಬೆಳಗಾಗುವುದರೊಳಗೆ ಸುಣ್ಣ ಬಳಿಯುತ್ತೇವೆ. ಅವರು ಹಾಗೆ ಮಾಡಲಿಲ್ಲ. ಔದಾರ್ಯವೋ ಉಪೇಕ್ಷೆಯೋ, ಅದರಿಂದ ಲಾಭವಾದದ್ದು ನಮಗೆ. ನಮ್ಮ ದೊರೆಯ ಸೋಲನ್ನು ನಮ್ಮ ಶಾಸನಗಳು ಬಾಯಿಬಿಟ್ಟು ಹೇಳುವುದಿಲ್ಲ. ಆ ಬಂಡೆ ಹೇಳುತ್ತದೆ.

ಇದಕ್ಕೆ ಜೋಡಿ ಕಂಚಿಯಲ್ಲಿದೆ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಹಿಡಿದಾಗ ಅಲ್ಲಿಯ ಕೈಲಾಸನಾಥ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಶಾಸನ ಹಾಕಿಸಿದ. ದೇವರ ಸಂಪತ್ತನ್ನು ನೋಡಿ, ಮುಟ್ಟದೆ, ದೇವರಿಗೇ ಬಿಟ್ಟುಕೊಟ್ಟೆ ಎಂಬುದು ಅದರ ಸಾರ. ಗೆದ್ದವನೇ ತನ್ನ ಒಳ್ಳೆಯತನವನ್ನು ಹೇಳಿಕೊಂಡರೆ ನಂಬಬೇಕೇ ಎಂದು ನೀವು ಕೇಳಬಹುದು, ಕೇಳಬೇಕು ಕೂಡ. ಆದರೆ ಅದನ್ನು ಬರೆಸಿದ್ದು ಪಟ್ಟದಕಲ್ಲಿನಲ್ಲಲ್ಲ, ಕಂಚಿಯ ಪೂಜಾರಿಗಳ, ಭಂಡಾರದವರ ಕಣ್ಣೆದುರು. ದೋಚಿ ಒಯ್ದವನು ದೋಚಿಸಿಕೊಂಡವರ ಅಂಗಳದಲ್ಲಿ ಹಾಗೆ ಬರೆಸಿ ಉಳಿಸುವುದು ಕಷ್ಟ. ಪಲ್ಲವರು ಅದನ್ನು ಅಳಿಸಲಿಲ್ಲ. ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಆ ವಿಜಯದ ನೆನಪಿಗೆ ಕಟ್ಟಿಸಿದ ಪಟ್ಟದಕಲ್ಲಿನ ಲೋಕೇಶ್ವರ ಗುಡಿ, ನಾವೀಗ ವಿರೂಪಾಕ್ಷ ಎನ್ನುವುದು, ಕಂಚಿಯ ಗುಡಿಯ ಚಹರೆಯನ್ನೇ ಹೊತ್ತು ನಿಂತಿದೆ ಎನ್ನುವುದನ್ನೂ ನೋಡಿ. ಕಲ್ಲು ಕೂಡ ಸಾಕ್ಷಿ ಹೇಳುತ್ತದೆ.

ಎರಡೂ ಕಡೆಯವರು ಬರೆದಿಟ್ಟರೆ ಎಲ್ಲವೂ ಬಗೆಹರಿಯಿತು ಎಂದು ಮಾತ್ರ ತಿಳಿಯಬೇಡಿ. ಒಂದನೆಯ ವಿಕ್ರಮಾದಿತ್ಯನ ದಂಡಯಾತ್ರೆಯನ್ನು ತೆಗೆದುಕೊಳ್ಳಿ. ಅವನು ಪಲ್ಲವರನ್ನು ಮಣ್ಣುಮುಕ್ಕಿಸಿದ ಎನ್ನುತ್ತದೆ 674ರ ಗದ್ವಾಲ ತಾಮ್ರಪಟ. ಪಲ್ಲವ ಪರಮೇಶ್ವರವರ್ಮನ ಕೂರಂ ತಾಮ್ರಪಟ ಓದಿದರೆ, ಲಕ್ಷಗಟ್ಟಲೆ ಸೈನ್ಯ ತಂದ ಅದೇ ವಿಕ್ರಮಾದಿತ್ಯ ಮೈಮೇಲೆ ಒಂದು ಹರಕು ಬಟ್ಟೆ ಸುತ್ತಿಕೊಂಡು ಓಡಿಹೋದ. ಅದೇ ಪಟದಲ್ಲಿ, ಓಡುತ್ತಿದ್ದ ಪುಲಿಕೇಶಿಯ ಬೆನ್ನನ್ನೇ ಪಟ ಮಾಡಿಕೊಂಡು ನರಸಿಂಹವರ್ಮ ವಿಜಯ ಎಂಬ ಅಕ್ಷರ ಬರೆದ ಎಂಬ ಮಾತೂ ಇದೆ. ಓದಿದರೆ ನಮ್ಮವರಿಗೆ ಸಿಟ್ಟು ಬರುತ್ತದೆ. ಬರಲಿ.

ಇವೆರಡರಲ್ಲಿ ಯಾವುದು ನಿಜ? ಈಗಿನ ಕಾಲಕ್ಕೆ ರೂಢಿಯಾದ ಒಂದು ಜಾಣ ಉತ್ತರವಿದೆ: ಅವರವರ ಸತ್ಯ ಅವರವರಿಗೆ. ನನಗೆ ಇದು ಒಪ್ಪಿಗೆಯಿಲ್ಲ. ಒಬ್ಬ ದೊರೆ ರಣದಿಂದ ಓಡಿದನೋ ಇಲ್ಲವೋ ಎಂಬುದಕ್ಕೆ ಎರಡು ಸತ್ಯವಿರಲು ಬರುವುದಿಲ್ಲ. ಆದರೆ ಎರಡೂ ಪಟಗಳನ್ನು ಪಕ್ಕಪಕ್ಕ ಇಟ್ಟು ಸಿಟ್ಟಿಲ್ಲದೆ ಓದಿದರೆ ಒಂದು ಸಂಗತಿ ಮೇಲೆ ತೇಲುತ್ತದೆ. ಗದ್ವಾಲ ಪಟ ಹೊರಟದ್ದು ಕಾವೇರಿಯ ತೆಂಕಣ ದಂಡೆಯ ಉರಗಪುರದ ಬೀಡಿನಿಂದ. ಪಲ್ಲವರು ತಾವು ಗೆದ್ದೆವೆಂದು ಹೇಳುವ ಪೆರುವಳನಲ್ಲೂರನ್ನು ವಿದ್ವಾಂಸರು ತಿರುಚಿರಾಪಳ್ಳಿಯ ಸೀಮೆಯಲ್ಲಿ ಗುರುತಿಸಿದ್ದಾರೆ. ಅಂದರೆ ಗೆದ್ದದ್ದು ಯಾರು ಎಂಬುದರಲ್ಲಿ ಜಗಳವಿದ್ದರೂ ನಮ್ಮ ದಂಡು ಕಾವೇರಿಯವರೆಗೆ ಹೋಗಿತ್ತು ಎಂಬುದರಲ್ಲಿ ಇಬ್ಬರಿಗೂ ಜಗಳವಿಲ್ಲ. ಒಪ್ಪಿಕೊಳ್ಳಬೇಕೆಂಬ ಮನಸ್ಸೇ ಇಲ್ಲದವರು ತಮಗರಿವಿಲ್ಲದೆ ಒಪ್ಪಿಕೊಂಡ ಈ ಚೂರು ಗಟ್ಟಿಯಾದದ್ದು. ಉಳಿದದ್ದನ್ನು ಬಗೆಹರಿಯದ ವ್ಯಾಜ್ಯವೆಂದು ಬಿಟ್ಟಿಡುವುದೂ ವಸ್ತುನಿಷ್ಠತೆಯ ಕೆಲಸವೇ.

ಇಷ್ಟು ಹೊತ್ತೂ ಪಕ್ಷ ಕಟ್ಟಿದವರ ಮಾತಾಯಿತು. ಯಾವ ಪಕ್ಷಕ್ಕೂ ಸೇರದವನ ಕಥೆ ಹೇಳುತ್ತೇನೆ. ನನ್ನ ಮಟ್ಟಿಗೆ ಈ ಉಪನ್ಯಾಸದ ನಡುಗಂಬ ಅದೇ.

ಜೇಮ್ಸ್ ಫರ್ಗ್ಯುಸನ್ ಸ್ಕಾಟ್ಲೆಂಡಿನವನು. ಕಲ್ಕತ್ತೆಯಲ್ಲಿ ನೀಲಿ ವ್ಯಾಪಾರ ಮಾಡಿ ದುಡ್ಡು ಮಾಡಿಕೊಂಡು, ಆಮೇಲೆ ಭಾರತದ ಕಟ್ಟಡಗಳ ಚರಿತ್ರೆ ಬರೆಯಲು ಕೂತ. ಚಾಲುಕ್ಯ ಪಲ್ಲವರ ಜಗಳದಲ್ಲಿ ಅವನಿಗೇನೂ ಗಂಟು ಇರಲಿಲ್ಲ. ವೈಷ್ಣವನಲ್ಲ, ಶೈವನಲ್ಲ, ಜೈನನಲ್ಲ. ಅಳತೆ, ನಕ್ಷೆ, ಫೋಟೊ, ವರ್ಗೀಕರಣ: ಎಲ್ಲ ವೈಜ್ಞಾನಿಕ. 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಫೋಟೊಗಳ ದೊಡ್ಡ ಪುಸ್ತಕ ಬಂತು; ಮೆಡೋಸ್ ಟೇಲರ್ ಇತಿಹಾಸ ಬರೆದ, ಫರ್ಗ್ಯುಸನ್ ವಾಸ್ತುವಿನ ಟಿಪ್ಪಣಿ ಬರೆದ. ಐಹೊಳೆಯ ದುರ್ಗದ ಗುಡಿಯ ಚಿತ್ರ ಹೊರಜಗತ್ತಿಗೆ ಗೊತ್ತಾದದ್ದು ಆ ಕಾಲದಲ್ಲಿ. ಹಿಂಭಾಗ ಅರೆದುಂಡಗೆ, ಆನೆಯ ಬೆನ್ನಿನ ಹಾಗೆ. ಫರ್ಗ್ಯುಸನ್ ಹೇಳಿದ: ಇದು ಮೂಲದಲ್ಲಿ ಬೌದ್ಧ ಚೈತ್ಯ, ಹಿಂದೂಗಳು ಆಮೇಲೆ ತಮ್ಮದು ಮಾಡಿಕೊಂಡದ್ದು.

ಯಾಕೆ ಹಾಗೆ ಕಂಡಿತು? ಅವನ ತಲೆಯಲ್ಲಿ ಭಾರತದ ಕಲೆಯ ಒಂದು ಸಿದ್ಧ ಕಥೆ ಇತ್ತು. ಮೊದಲು ಬೌದ್ಧರದು, ಸರಳ, ಶುದ್ಧ. ಆಮೇಲೆ ಹಿಂದೂಗಳದು, ಅಲಂಕಾರ ಹೆಚ್ಚುತ್ತಾ ಅವನತಿ. ಆ ಕಥೆಯಲ್ಲಿ ಅರೆದುಂಡನೆಯ ಕಟ್ಟಡಕ್ಕೆ ಇದ್ದ ಜಾಗ ಒಂದೇ. ಸ್ಥಳದಲ್ಲಿ ನಿಂತು ನೋಡಿದವರಿಗೆ ಕಂಡದ್ದು ಬೇರೆ. ಸುತ್ತುಹಜಾರದ ಗೂಡುಗಳಲ್ಲಿ ಮಹಿಷಮರ್ದಿನಿ, ವರಾಹ, ನರಸಿಂಹ, ಹರಿಹರ, ನಂದಿಗೆ ಒರಗಿ ನಿಂತ ಶಿವ. ಇವು ಆಮೇಲೆ ತಂದು ಅಂಟಿಸಿದವಲ್ಲ, ಕಟ್ಟಡದೊಂದಿಗೇ ಹುಟ್ಟಿದವು. ಅಲ್ಲಿಯ ಶಾಸನದಲ್ಲಿ ಆದಿತ್ಯನ ಗುಡಿಯ ಪ್ರಸ್ತಾಪವಿರುವುದರಿಂದ ಅದು ಸೂರ್ಯನಿಗಾಗಿ ಕಟ್ಟಿದ ಗುಡಿ ಎಂಬ ಅಭಿಪ್ರಾಯ ಈಗ ಗಟ್ಟಿಯಾಗಿದೆ. ದುರ್ಗಾದೇವಿಗೂ ಅದಕ್ಕೂ ಸಂಬಂಧವಿಲ್ಲ. ಪಕ್ಕದಲ್ಲಿ ಕೋಟೆ ಇದ್ದದ್ದಕ್ಕೆ ಆ ಹೆಸರು.

ಈಗ ಇಬ್ಬರನ್ನೂ ಎದುರುಬದುರು ಕೂಡಿಸಿ. ರವಿಕೀರ್ತಿಗೆ ಹಿತಾಸಕ್ತಿ ಇತ್ತು, ಹರ್ಷನ ವಿಷಯದಲ್ಲಿ ನಿಜ ಹೇಳಿದ. ಫರ್ಗ್ಯುಸನ್‌ಗೆ ಹಿತಾಸಕ್ತಿ ಇರಲಿಲ್ಲ, ದುರ್ಗದ ಗುಡಿಯ ವಿಷಯದಲ್ಲಿ ಎಡವಿದ. ಲಾಭದ ಆಸೆ ಇಲ್ಲದವನೇ ಸತ್ಯ ಹೇಳುತ್ತಾನೆ ಎಂಬ ನಮ್ಮ ನಂಬಿಕೆ ಇಲ್ಲಿ ಕೈಕೊಡುತ್ತದೆ. ರವಿಕೀರ್ತಿ ಯಾರ ಅನ್ನ ತಿಂದನೆಂದು ಅವನ ಶಾಸನವೇ ಸಾರುತ್ತದೆ, ಹಾಗಾಗಿ ಓದುವವನು ಮೊದಲೇ ಹುಷಾರಾಗುತ್ತಾನೆ. ಫರ್ಗ್ಯುಸನ್‌ನ ಒಲವು ಅಳತೆಪಟ್ಟಿಯ ಮರೆಯಲ್ಲಿತ್ತು. ಓದುಗರಿಗೆ ಕಾಣಲಿಲ್ಲ, ಅವನಿಗೇ ಕಾಣಲಿಲ್ಲ. ಕೇಡಿನ ಪಕ್ಷಪಾತ ಅಂದರೆ ಇದು. ತಾನು ಯಾವ ಕಡೆಯೂ ಇಲ್ಲ ಎಂದು ಪ್ರಾಮಾಣಿಕವಾಗಿ ನಂಬಿದವನದು.

ನಮ್ಮ ಶಾಸ್ತ್ರಕಾರರೂ ಇದಕ್ಕೆ ಹೊರತಲ್ಲ. ಕಲ್ಯಾಣದ ವಿಜ್ಞಾನೇಶ್ವರ ಮಿತಾಕ್ಷರ ಬರೆದದ್ದು ಯಾಜ್ಞವಲ್ಕ್ಯಸ್ಮೃತಿಗೆ ವ್ಯಾಖ್ಯಾನವಾಗಿ. ಆ ಸ್ಮೃತಿಯಲ್ಲಿ ಸಾಕ್ಷಿ ಹೇಳಲು ಯಾರು ಅನರ್ಹರು ಎಂಬ ಪಟ್ಟಿ ಇದೆ. ಆಪ್ತ, ವೈರಿ, ಹಣದ ಸಂಬಂಧ ಇರುವವನು: ಇಷ್ಟರವರೆಗೆ ಈಗಿನ ಯಾವ ನ್ಯಾಯಾಧೀಶರೂ ತಲೆದೂಗುತ್ತಾರೆ. ಅದೇ ಉಸಿರಿನಲ್ಲಿ ಪಟ್ಟಿ ಇವರನ್ನೂ ಸೇರಿಸುತ್ತದೆ: ಹೆಂಗಸರು, ಮುದುಕರು, ರಂಗದ ಮೇಲೆ ವೇಷ ಕಟ್ಟುವವರು. ಬನಶಂಕರಿಯ ಜಾತ್ರೆಯಲ್ಲಿ ತಿಂಗಳುಗಟ್ಟಲೆ ನಾಟಕ ಆಡುವ ಕಲಾವಿದೆಯೊಬ್ಬಳು ಆ ಕಾಲದ ಕಟ್ಟೆಗೆ ಹೋಗಿದ್ದರೆ ಎರಡೆರಡು ಕಾರಣಕ್ಕೆ ಹೊರಗೆ. ಪಕ್ಷಪಾತವನ್ನು ಹೊರಗಿಡಲು ಹಾಕಿದ ಬೇಲಿಯಲ್ಲೇ ಪಕ್ಷಪಾತ ಹೆಣೆದುಕೊಂಡಿತ್ತು, ಹಾಕಿದವರಿಗೆ ಅದು ಹೊಳೆಯಲಿಲ್ಲ. ಈಗ ನಾವು ಪರೀಕ್ಷೆಯ ಉತ್ತರಪತ್ರಿಕೆಯ ಮೇಲಿನ ಹೆಸರು ಮುಚ್ಚುತ್ತೇವೆ, ಸಂಬಂಧಿಕರ ಕೇಸನ್ನು ನ್ಯಾಯಾಧೀಶರು ಬಿಟ್ಟುಕೊಡುತ್ತಾರೆ. ಒಳ್ಳೆಯ ಏರ್ಪಾಡು, ಬೇಕು. ಆದರೆ ಇವೆಲ್ಲ ನಮಗೆ ಈಗಾಗಲೇ ಗೊತ್ತಿರುವ ಒಲವಿಗೆ ಕಟ್ಟಿದ ಕಟ್ಟು. ಗೊತ್ತಿಲ್ಲದ್ದನ್ನು ಹಿಡಿಯಲು ಎದುರಾಳಿಯೇ ಬೇಕು.

ಎದುರಾಳಿ ಯಾರೂ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ. ಐಹೊಳೆಯ ಲಾಡಖಾನ ಗುಡಿ 450ರದು ಎಂದು ಬ್ರಿಟಿಷ್ ಪುರಾತತ್ವಜ್ಞ ಹೆನ್ರಿ ಕಸಿನ್ಸ್ ಬರೆದ. ಮಟ್ಟಸ ಚಾವಣಿ, ಮರದ ಮನೆಯಂಥ ಕಟ್ಟಣೆ. ಒರಟಾಗಿದೆ, ಆದ್ದರಿಂದ ಹಳೆಯದು ಎಂಬ ತರ್ಕ. ಎಲ್ಲವೂ ಒರಟಿನಿಂದ ನಯಕ್ಕೆ ಬೆಳೆಯುತ್ತದೆ ಎಂಬುದು ಅವರ ಕಾಲದ ನಂಬಿಕೆ. ನಾವಾದರೂ ಅದನ್ನು ಪ್ರಶ್ನಿಸಬಹುದಿತ್ತು. ಪ್ರಶ್ನಿಸಲಿಲ್ಲ, ಯಾಕೆಂದರೆ ಆ ತೇದಿ ನಮಗೆ ಹಿತವಾಗಿತ್ತು. ದೇವಾಲಯ ವಾಸ್ತುಶಿಲ್ಪದ ತೊಟ್ಟಿಲು ನಮ್ಮ ಐಹೊಳೆ ಎಂದು ಹೇಳಿಕೊಳ್ಳಲು ಎಷ್ಟು ಹಳೆಯದಾದರೆ ಅಷ್ಟು ಒಳ್ಳೆಯದಲ್ಲವೇ? ಆಳುವವರ ಸಿದ್ಧಾಂತವೂ ಆಳಿಸಿಕೊಂಡವರ ಅಭಿಮಾನವೂ ಕೈಕೈ ಹಿಡಿದವು. ಶೈಲಿಯನ್ನೂ ಶಾಸನದ ಲಿಪಿಯನ್ನೂ ಹೊಂದಿಸಿ ನೋಡಿದ ಮುಂದಿನ ವಿದ್ವಾಂಸರು ಅದನ್ನು ಏಳನೆಯ ಶತಮಾ­ನದ ಕೊನೆ ಇಲ್ಲವೆ ಎಂಟನೆಯ ಶತಮಾನಕ್ಕೆ ತಂದಿದ್ದಾರೆ. ಅಲ್ಲಿನ ಗೈಡುಗಳ ಬಾಯಲ್ಲಿ ಮಾತ್ರ 450 ಗಟ್ಟಿಯಾಗಿ ಕೂತಿದೆ. ದೆಹಲಿಯ ಹಳೆಯ ಸಂಸತ್ ಭವನಕ್ಕೆ ಐಹೊಳೆಯ ಗುಡಿಯೇ ಮಾದರಿ ಎಂದೂ ಹೇಳುತ್ತಾರೆ. ಮಧ್ಯಪ್ರದೇಶದ ಮಿತಾವಲಿಗೆ ಹೋದರೆ ಅಲ್ಲಿಯ ಚೌಸಠ್ ಯೋಗಿನಿ ಗುಡಿಯೇ ಮಾದರಿ ಎಂದು ಅಲ್ಲಿಯವರು ಹೇಳುತ್ತಾರೆ. ಇವರಿಬ್ಬರೂ ಒಮ್ಮೆ ಮುಖಾಮುಖಿ ಆಗಬೇಕು.

ಎರಡನೆಯದು ವಾತಾಪಿ ಗಣಪತಿ. ಪಲ್ಲವರ ಸೇನಾಪತಿ ಪರಂಜೋತಿ ಬಾದಾಮಿಯನ್ನು ಗೆದ್ದಾಗ ಇಲ್ಲಿಯ ಗಣಪತಿಯನ್ನು ತಮಿಳುನಾಡಿಗೆ ಒಯ್ದ ಎಂದು ಎರಡೂ ಕಡೆ ನಂಬಿದ್ದಾರೆ. ಸೇಕ್ಕಿಳಾರ್ 12ನೆಯ ಶತಮಾನದಲ್ಲಿ ಬರೆದ ಪೆರಿಯಪುರಾಣ ಇದೇ ಸೇನಾಪತಿಯ ಕಥೆ ಹೇಳುತ್ತದೆ. ವಾತಾಪಿಯಿಂದ ರತ್ನ ತಂದ, ಆನೆ ತಂದ, ಕುದುರೆ ತಂದ ಎನ್ನುತ್ತದೆ. ಗಣಪತಿಯ ಸುದ್ದಿ ಇಲ್ಲ. ಚಾಲುಕ್ಯರ, ಪಲ್ಲವರ ಶಾಸನಗಳಲ್ಲೂ ಇಲ್ಲ. ಆದರೂ ಕಥೆ ಅಲುಗುವುದಿಲ್ಲ. ಅವರಿಗೆ ಅದು ಗೆಲುವಿನ ಗುರುತು, ನಮಗೆ ಕಳಕೊಂಡದ್ದರ ಕೊರಗು. ಇಬ್ಬರಿಗೂ ಬೇಕಾದದ್ದನ್ನು ಯಾರು ಪರೀಕ್ಷಿಸುತ್ತಾರೆ? ಹಗೆಗಳು ಕಚ್ಚಾಡುವ ಸುಳ್ಳು ಒಂದಲ್ಲ ಒಂದು ದಿನ ಬಯಲಾಗುತ್ತದೆ. ಹಗೆಗಳು ಹಂಚಿಕೊಂಡ ಸುಳ್ಳಿಗೆ ಆಯುಷ್ಯ ಜಾಸ್ತಿ.

ಚಾಲುಕ್ಯ ಕವಿಯೂ ಪಲ್ಲವ ಕವಿಯೂ ಹಂಚಿಕೊಂಡದ್ದು ಇನ್ನೊಂದಿದೆ. ಊರು ಬಿದ್ದಾಗ ಅರಸನ ಮಾನ ಮಾತ್ರ ಹೋಯಿತು ಎಂಬ ನೋಟ ಅದು. 642ರಿಂದ ಹದಿಮೂರು ವರ್ಷ ಬಾದಾಮಿ ಪರರ ಕೈಯಲ್ಲಿದ್ದಾಗ ಇಲ್ಲಿಯ ನೇಕಾರರು, ಕುಂಬಾರರು, ಒಕ್ಕಲಿಗರು ಹೇಗೆ ಬದುಕಿದರು ಎಂದು ಗೆದ್ದವರೂ ಬರೆಯಲಿಲ್ಲ, ಸೋತವರೂ ಬರೆಯಲಿಲ್ಲ. ಇದಕ್ಕೆ ಎದುರುಸಾಕ್ಷಿ ಹುಡುಕಲು ನಮ್ಮಲ್ಲಿ ಬಂಡೆಗಳಿಲ್ಲ. ಬಾದಾಮಿಯ ತಟ್ಟುಕೋಟಿಯ ಕಪ್ಪೆ ಅರಭಟ್ಟನ ಶಾಸನ ದೊರೆಯೊಬ್ಬನ ಪ್ರಶಸ್ತಿಯಲ್ಲ ಎಂಬ ಕಾರಣಕ್ಕೇ ನನಗೆ ಅದರ ಮೇಲೆ ಪ್ರೀತಿ. ಆದರೆ ಅವನೂ ಕಲ್ಲಿನಲ್ಲಿ ಹೆಸರು ಬರೆಸಿಕೊಳ್ಳಬಲ್ಲವನಾಗಿದ್ದ.

ಬರೆಯಲಾಗದವರ ಮಾತು ಒಮ್ಮೊಮ್ಮೆ ಹಗೆಯ ಕೈಯಿಂದಲೇ ಉಳಿದುಬಂದದ್ದೂ ಉಂಟು. ಈ ಜಿಲ್ಲೆಯಲ್ಲೇ, ಮುಧೋಳದ ಹತ್ತಿರದ ಹಲಗಲಿಯಲ್ಲಿ. 1857ರಲ್ಲಿ ಆಯುಧ ಒಪ್ಪಿಸಿರೆಂದು ಸರಕಾರ ಹುಕುಂ ಮಾಡಿದಾಗ ಅಲ್ಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ರಾತ್ರಿ ಬಂದು ಊರು ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಹಲವರನ್ನು ಗಲ್ಲಿಗೇರಿಸಿದರು. ಲಾವಣಿಕಾರರು ಅದನ್ನು ಹಾಡು ಕಟ್ಟಿ ಊರೂರು ಹಾಡಿದರು. ಆ ಲಾವಣಿಯನ್ನು ಬರೆಸಿಕೊಂಡು, ಇಂಗ್ಲಿಷಿಗೆ ತಿರುಗಿಸಿ, ಇಂಡಿಯನ್ ಆಂಟಿಕ್ವೆರಿ ಎಂಬ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್. ಮುಂಬಯಿ ಸರಕಾರದ ಕಂದಾಯ ಇಲಾಖೆಯ ಅಧಿಕಾರಿ. ಐಹೊಳೆಯ ಪ್ರಶಸ್ತಿಯನ್ನೂ, ಬಾದಾಮಿ ಬಂಡೆಯ ಪಲ್ಲವ ಶಾಸನವನ್ನೂ ಓದಿ ಪ್ರಕಟಿಸಿದವನು ಇವನೇ. ತನ್ನ ಸರಕಾರ ಗಲ್ಲಿಗೇರಿಸಿದವರನ್ನು ಹೊಗಳುವ ಹಾಡು. ಅದರಲ್ಲಿ ಇಂಗ್ಲಿಷರಿಗೆ ಬೀಳುವ ಬೈಗುಳವೂ ಇದೆ. ಅವನು ಸಾಮ್ರಾಜ್ಯದ ನೌಕರನಾಗಿಯೇ ಇದ್ದ, ಬೇಡರ ಪಕ್ಷ ಸೇರಲಿಲ್ಲ. ಎದುರಿನವರ ಮಾತನ್ನು ಕೆಡಿಸದೆ ದಾಖಲಿಸುವ ಒಂದು ಶಿಸ್ತು ಮಾತ್ರ ಅವನ ಕೈಯಲ್ಲಿತ್ತು. ಇಂದು ಹತ್ತನೆಯ ತರಗತಿಯ ಮಕ್ಕಳು ಆ ಲಾವಣಿಯನ್ನು ಪಾಠವಾಗಿ ಓದುತ್ತಾರೆ.

ಆದುದರಿಂದ ಪ್ರಶ್ನೆಯ ಎರಡನೆಯ ಅರ್ಧಕ್ಕೆ ನನ್ನ ಉತ್ತರ ಕಠಿಣವಾಗಿಯೇ ಇದೆ. ಒಬ್ಬ ಮನುಷ್ಯನೊಳಗೆ ಪೂರ್ತಿ ವಸ್ತುನಿಷ್ಠತೆ ಇರಲಾರದು. ಇದೆ ಎಂದು ಹೇಳಿಕೊಳ್ಳುವವನ ಹತ್ತಿರ ಎರಡು ಪಟ್ಟು ಎಚ್ಚರವಿರಲಿ. ಒಂದು ಸಮಾಜದೊಳಗೆ ಅದು ತಕ್ಕಮಟ್ಟಿಗೆ ಸಾಧ್ಯ, ಹಗೆಯ ಬಂಡೆಗೆ ಚಾಣ ಇಡದೆ ಇದ್ದರೆ. ಅಲ್ಲಿಯೂ ಎಲ್ಲ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಸಿಕ್ಕಿದ್ದಕ್ಕೂ ಶತಮಾನಗಳು ಬೇಕಾಗಬಹುದು.

ಕೊನೆಗೆ ದತ್ತಿಯವರಲ್ಲಿ ಒಂದು ಅರಿಕೆ. ನನ್ನ ಸಂಭಾವನೆಯನ್ನು ದತ್ತಿಗೇ ಉಳಿಸಿಕೊಂಡು ಒಂದು ಕಿರುಹೊತ್ತಿಗೆ ಅಚ್ಚು ಮಾಡಿಸಿ, ಮುಂದಿನ ಬನದ ಹುಣ್ಣಿಮೆಗೆ ಜಾತ್ರೆಯಲ್ಲಿ ಮಾರಿ. ಮಂಗಲೇಶನ ಮೂರು ಶಾಸನಗಳ ಸಾರ ಎದುರುಬದುರು ಪುಟದಲ್ಲಿರಲಿ, ಸಂಪಾದಕರ ತೀರ್ಪು ಬೇಡ. ಬಂಡೆಯ ಪಲ್ಲವ ಶಾಸನ, ಕಂಚಿಯ ಕಂಬದ ಕನ್ನಡ ಶಾಸನ, ಗದ್ವಾಲ ಪಟ, ಕೂರಂ ಪಟ ಎಲ್ಲವೂ ಇರಲಿ. ಬನಶಂಕರಿ ಗುಡಿ ಚಾಲುಕ್ಯರದೆಂದು ಬರೆಯುವಾಗ, ಈಗಿರುವ ಕಟ್ಟಡ 1750ರಲ್ಲಿ ಮರಾಠಾ ಸರದಾರ ಪರಶುರಾಮ ಅಗಳೆ ಕಟ್ಟಿಸಿದ್ದು ಎಂಬುದನ್ನು ಸಣ್ಣ ಅಕ್ಷರದಲ್ಲಿ ಹಾಕಬೇಡಿ. ಕೂರಂ ಪಟದ ಹರಕು ಬಟ್ಟೆಯ ಸಾಲನ್ನು ಅನುವಾದಿಸುವಾಗ ನಮ್ಮವರ ಕೈ ಅಳುಕೀತು. ಅದಕ್ಕೆ ಕಂಚಿ ಕಡೆಯ ವಿದ್ವಾಂಸರೊಬ್ಬರನ್ನು ಕರೆಸಿ, ಕನ್ನಡ ಬಲ್ಲವರೊಬ್ಬರನ್ನು ಜೊತೆಗೆ ಕೂಡಿಸಿ. ಬಸ್ಸಿನ ಖರ್ಚು, ನಾಲ್ಕು ದಿನದ ಊಟ, ಇಷ್ಟೇ ಆಗುವುದು.